ಅಮರೇಶ್ವರನ ಜಾತ್ರೆಯ ಬಸ್ಸುಗಳು

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿರುವ ಗುರುಗುಂಟಾ ಹಿಂದೊಮ್ಮೆ ನಾಯಕ ಅರಸರ ಊರಾಗಿದ್ದಿತು. ಹೈದರಾಬಾದಿನ ನಿಜಾಮರಿಗೆ ಕಪ್ಪ ಒಪ್ಪಿಸಿ ತಮ್ಮ ಸೀಮೆಯನ್ನು ತಾವೇ ಆಳಿಕೊಳ್ಳುತ್ತಿದ್ದ ಚಿಕ್ಕ ಸಂಸ್ಥಾನಗಳಲ್ಲಿ ಇದೂ ಒಂದು. ಆ ದರ್ಬಾರು ಈಗಿಲ್ಲ. ಆದರೂ ಕೃಷ್ಣೆ ತುಂಗಭದ್ರೆಗಳ ನಡುವಣ ನಾಡಿನಲ್ಲಿ ಗುರುಗುಂಟಾ ಎಂದೊಡನೆ ಜನರು ಕೈ ಮುಗಿಯುತ್ತಾರೆ. ಅದು ಅರಸರಿಗಲ್ಲ, ಊರಿಗೆ ಸಮೀಪದ ದೇವರಭೂಪುರದಲ್ಲಿ ನೆಲೆಸಿರುವ ಅಮರೇಶ್ವರನಿಗೆ. ಫಾಲ್ಗುಣದ ಹುಣ್ಣಿಮೆಗೆ ಇಲ್ಲಿ ತೇರು ಎಳೆಯುತ್ತಾರೆ. ಲಿಂಗಸುಗೂರು, ಮುದಗಲ್ಲು, ಮಸ್ಕಿ, ಸಿಂಧನೂರುಗಳ ಕಡೆಯಿಂದಲೂ, ಕೃಷ್ಣೆಯ ಆಚೆಯ ಸುರಪುರದ ಸೀಮೆಯಿಂದಲೂ ಜನ ಬರುತ್ತಾರೆ.

ಸುಗ್ಗಿಯ ಜೋಳ ಮನೆ ಸೇರಿ, ಮುಂದಿನ ಬಿತ್ತನೆಗೆ ಇನ್ನೂ ದಿನಗಳಿರುವ ಕಾಲವದು. ಒಕ್ಕಲು ಮಕ್ಕಳಿಗೆ ವರ್ಷದಲ್ಲಿ ಸಿಗುವ ಬಿಡುವು ಅಷ್ಟೇ. ಹಿಂದಿನವರು ಆ ಬಿಡುವಿನಲ್ಲಿ ಬಂಡಿ ಕಟ್ಟುತ್ತಿದ್ದರು. ಎತ್ತುಗಳ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಯ ಸರ ತೊಡಿಸಿ, ಬಂಡಿಯಲ್ಲಿ ಮೇವು ಹರಡಿ, ಅದರ ಮೇಲೆ ಕಂಬಳಿ ಹಾಸಿ ಮನೆಮಂದಿಯೆಲ್ಲ ಏರುವರು. ಸಜ್ಜೆಯ ರೊಟ್ಟಿ, ಗುರೆಳ್ಳಿನ ಪುಡಿ, ಶೇಂಗಾದ ಹಿಂಡಿ, ಹೋಳಿಗೆ ಇವೆಲ್ಲ ಬುತ್ತಿಯಲ್ಲಿ ಇರುವವು. ಜಾತ್ರೆಯ ಬಯಲಿಗೆ ಬಂದು ಕೊಳ್ಳು ಹರಿದರೆ ಆ ಬಂಡಿಯೇ ಮನೆ. ಅದರ ನೆರಳಿನಲ್ಲಿ ಅಡಿಗೆ, ಅದರ ಕೆಳಗೆ ನಿದ್ರೆ. ತೇರು ಮುಗಿದ ಮೇಲೂ ಯಾರಿಗೂ ಅವಸರವಿಲ್ಲ. ಬೆಳಗಿನ ತಂಪಿನಲ್ಲಿ ಹೊರಟರಾಯಿತು. ಬಂದ ವಾಹನವೇ ಕಾದು ಕುಳಿತಿರುವಾಗ ಮರಳುವ ಚಿಂತೆ ಎಲ್ಲಿಯದು?

ಬಸ್ಸು ಬಂದಾಗ ಜಾತ್ರೆಯ ರೀತಿಯೇ ಬದಲಾಯಿತು. ಈ ನಾಡಿನ ಬಸ್ಸಿನ ವಂಶಾವಳಿ ಸ್ವಾರಸ್ಯವಾದುದು. 1932ನೆಯ ಜೂನ್ ತಿಂಗಳಲ್ಲಿ ನಿಜಾಮ ಸರಕಾರದ ರೈಲ್ವೆಯವರು 27 ಬಸ್ಸುಗಳನ್ನೂ 166 ಜನ ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿದರು. ಉಗಿಬಂಡಿಯನ್ನೂ ಮೋಟಾರನ್ನೂ ಒಂದೇ ಇಲಾಖೆಯವರು ಓಡಿಸಿದ್ದು ಆ ಕಾಲಕ್ಕೆ ಹೊಸ ಮಾತಾಗಿದ್ದಿತು. ಸ್ಕಾಟ್ಲೆಂಡಿನಲ್ಲಿ ತಯಾರಾದ ಆಲ್ಬಿಯನ್ ಬಸ್ಸುಗಳು ಆಗ ಓಡಾಡಿದವು. 1932ರ ಅಂಥದೊಂದನ್ನು ಹೈದರಾಬಾದಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ರಾಜ್ಯದ ರಸ್ತೆ ಸಾರಿಗೆ ನಿಗಮ ಏರ್ಪಟ್ಟಿತು. 2000ದಲ್ಲಿ ಈಶಾನ್ಯ ಭಾಗಕ್ಕೆ ಪ್ರತ್ಯೇಕ ನಿಗಮವಾಗಿ, 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಹೆಸರು ಎಷ್ಟು ಸಲ ಬದಲಾದರೂ ಹಳ್ಳಿಯ ಮುದುಕಿಯ ಬಾಯಲ್ಲಿ ಅದು ಸರಕಾರಿ ಬಸ್ಸೇ!

ಜಾತ್ರೆಯ ಬಸ್ಸು ನಿತ್ಯದ ಬಸ್ಸಿನಂತಲ್ಲ. ನಿತ್ಯದ ಬಸ್ಸು ಗಡಿಯಾರವನ್ನು ನೋಡಿ ಹೊರಡುವುದು. ಇದು ಜನರನ್ನು ನೋಡಿ ಹೊರಡುವುದು. ತುಂಬಿದೊಡನೆ ಸಾಗಬೇಕು, ಬರಿದಾದೊಡನೆ ಮರಳಬೇಕು. ಕೇಳುವುದಕ್ಕೆ ಸುಲಭ. ಆದರೆ ಇದರಲ್ಲಿರುವ ಲೆಕ್ಕವನ್ನು ಗೃಹಿಣಿಯರೂ ಒಮ್ಮೆ ಮಾಡಿ ನೋಡಬೇಕು. ಪಂಕ್ತಿಯಲ್ಲಿ ಬಡಿಸಿ ಬಲ್ಲವರಿಗೆ ಇದು ಕಠಿಣವಲ್ಲ. ಒಂದು ಬಸ್ಸು ಊರಿನಿಂದ ಹೊರಟು, ಜಾತ್ರೆಯಲ್ಲಿ ಜನರನ್ನು ಇಳಿಸಿ, ಬೇರೆ ಜನರನ್ನು ಹತ್ತಿಸಿಕೊಂಡು ಮರಳಿ ಬರಲು 80 ನಿಮಿಷ ಬೇಕೆಂದು ಇಟ್ಟುಕೊಳ್ಳೋಣ. 5 ನಿಮಿಷಕ್ಕೊಂದು ಬಸ್ಸು ಸಿಗಬೇಕಾದರೆ 16 ಬಸ್ಸುಗಳು ತಿರುಗುತ್ತಿರಬೇಕು. ಒಂದರಲ್ಲಿ 50 ಜನರಂತೆ ಗಂಟೆಗೆ 600 ಜನರು ಸಾಗುವರು. ಬೆಳಗಿನಿಂದ ಬಿಡಿಬಿಡಿಯಾಗಿ ಬರುವವರಿಗೆ ಇಷ್ಟು ಧಾರಾಳವಾಗಿ ಸಾಕು.

ತೊಡಕಿರುವುದು ಸಂಜೆಯಲ್ಲಿ. ತೇರು ಎಳೆದು, ಉತ್ತತ್ತಿ ಬಾಳೆಹಣ್ಣುಗಳನ್ನು ಎಸೆದು ಕೈ ಮುಗಿದೊಡನೆ ಬಯಲಿನಲ್ಲಿದ್ದವರಿಗೆಲ್ಲ ಒಂದೇ ಸಲಕ್ಕೆ ಮನೆಯ ನೆನಪಾಗುತ್ತದೆ. 3000 ಜನ ಒಟ್ಟಿಗೆ ನಿಂತರೆ ಆ 16 ಬಸ್ಸುಗಳಿಗೂ 5 ಗಂಟೆಯ ಕೆಲಸ. ಅಷ್ಟರಲ್ಲಿ ಅಡ್ಡಾದಿಡ್ಡಿಯಾಗಿ ನಿಂತ ಕಾರು, ಟ್ರ್ಯಾಕ್ಟರು, ಟಂಟಂಗಳ ನಡುವೆ ಬಸ್ಸು ಸಿಕ್ಕಿಬಿದ್ದು 80 ನಿಮಿಷದ ಸುತ್ತು 160 ನಿಮಿಷವಾಯಿತೆನ್ನಿ. ಆಗ 16 ಬಸ್ಸುಗಳಿದ್ದೂ 8 ಇದ್ದಂತೆಯೇ. ‘ಇನ್ನಷ್ಟು ಬಸ್ಸು ಬಿಡಿ’ ಎಂದು ಕೂಗುವವರ ಕೂಗು ನ್ಯಾಯವಾದುದೇ; ಆದರೆ ಮುಚ್ಚಿದ ದಾರಿಯಲ್ಲಿ ಹೊಸ ಬಸ್ಸೂ ಹಳೆಯದರ ಬೆನ್ನಿಗೆ ಹೋಗಿ ನಿಲ್ಲುವುದಲ್ಲದೆ ಬೇರೇನು ಮಾಡೀತು? ಮೊದಲು ಬೇಕಾದುದು ದಾರಿ.

ಈ ಕಷ್ಟ ನಮ್ಮ ಜಾತ್ರೆಗಳದಷ್ಟೇ ಅಲ್ಲ. ಅಮೇರಿಕೆಯ ಫ್ಲೋರಿಡಾದಲ್ಲಿ 1971ರಲ್ಲಿ ತೆರೆದ ವಾಲ್ಟ್ ಡಿಸ್ನಿಯವರ ಹೆಸರಿನ ಭಾರೀ ವಿನೋದೋದ್ಯಾನವಿದೆ. ಅಲ್ಲಿಯ ವಸತಿಗೃಹಗಳಲ್ಲಿ ತಂಗಿದವರನ್ನು ಆಟದ ತಾಣಗಳಿಗೆ ಕೊಂಡೊಯ್ಯಲು ಆ ಸಂಸ್ಥೆಯದೇ ಬಸ್ಸುಗಳ ದೊಡ್ಡ ಪಡೆಯಿದೆ, ಟಿಕೇಟಿಲ್ಲ. ಅಲ್ಲಿಯೂ ರಾತ್ರಿಯ ಬಾಣಬಿರುಸು ಮುಗಿದ ಕ್ಷಣಕ್ಕೆ ಸಹಸ್ರಾರು ಜನ ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಸಾಲು ನಿಲ್ಲುತ್ತಾರೆ. ತೇರಾದರೇನು, ಬಿರುಸಾದರೇನು, ಮಕ್ಕಳ ನಿದ್ದೆ ಒಂದೇ. ಅಷ್ಟು ದೂರ ಹೋಗುವುದೂ ಬೇಡ. ಗುಂಡ್ಲುಪೇಟೆಯ ಬಳಿಯ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ತಮ್ಮ ವಾಹನಗಳನ್ನು ಬುಡದಲ್ಲಿಯೇ ಬಿಟ್ಟು ಸರಕಾರಿ ಬಸ್ಸಿನಲ್ಲಿ ಏರಬೇಕು. ಕಾಡಾನೆಗಳ ನೆಮ್ಮದಿಗಾಗಿ ಮಾಡಬಹುದಾದ ಕಟ್ಟಳೆಯನ್ನು ವರ್ಷಕ್ಕೊಂದು ಸಂಜೆ ಮುದುಕರ, ಬಾಣಂತಿಯರ ನೆಮ್ಮದಿಗಾಗಿಯೂ ಮಾಡಬಾರದೇಕೆ? ಜಾತ್ರೆಯ ಕೊನೆಯ ಹರದಾರಿಯನ್ನು ಬಸ್ಸಿಗಾಗಿಯೂ ನಡೆಯುವವರಿಗಾಗಿಯೂ ಬಿಟ್ಟರೆ, ಕಾರಿನವರು ತುಸು ದೂರ ನಡೆದಾರು. ದೇವರ ಬಳಿಗೆ ನಡೆದು ಹೋಗುವುದೇನೂ ನಮ್ಮವರಿಗೆ ಅವಮಾನವಲ್ಲ.

ಮನೆಯ ಹೆಣ್ಣುಮಕ್ಕಳ ದೃಷ್ಟಿಯಿಂದ ಈ ಮಾತು ಇನ್ನೂ ಮುಖ್ಯವಾದುದು. 2023ರ ಜೂನ್ 11ರಂದು ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಬಂದಿತು. ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲದಾಯಿತು. ಬಂಡಿಯ ಕಾಲದಲ್ಲಿ ಗಂಡಸರು ಎತ್ತು ಹೂಡಿದರೆ ಹೆಂಗಸರಿಗೆ ಜಾತ್ರೆ. ಅವರು ಒಲ್ಲೆನೆಂದರೆ ಆ ವರ್ಷದ ಹರಕೆ ಮುಂದಿನ ವರ್ಷಕ್ಕೆ. ಈಗ ಅತ್ತೆ, ಸೊಸೆ, ನೆರೆಮನೆಯ ಅವ್ವ ಮೂವರೂ ಕೂಡಿ, ಆಧಾರ ಚೀಟಿಯನ್ನು ಕುಬುಸದೊಳಗಿನ ಸಂಚಿಯಲ್ಲಿಟ್ಟು, ಯಾರ ಜೇಬನ್ನೂ ನೋಡದೆ ಹೊರಡಬಲ್ಲರು. ಬಂಡಿಯ ಕೆಳಗಿನ ಆ ರಾತ್ರಿಗಳು ಹೋದುವೆಂದು ಹಳಬರು ನಿಟ್ಟುಸಿರು ಬಿಡುವುದುಂಟು. ಬಳಗವೆಲ್ಲ ಕೂಡಿ ಮಲಗಿದ ಬೆಳ್ದಿಂಗಳಿಗೆ ಬೆಲೆ ಕಟ್ಟಲಾಗದು, ನಿಜ. ಆದರೆ ಆ ಬೆಳ್ದಿಂಗಳಿನಲ್ಲಿ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟಿದವರು ಯಾರೆಂಬುದನ್ನೂ ನೆನೆಯಬೇಕು. ಹೋಗುವ ಸ್ವಾತಂತ್ರ್ಯವೇನೋ ಅವರಿಗೆ ಬಂದಿತು. ಕತ್ತಲಾದ ಮೇಲೆ ಬಸ್ಸು ಸಿಗುವುದೋ ಇಲ್ಲವೋ ಎಂಬ ಅಂಜಿಕೆ ಉಳಿದರೆ ಮಾತ್ರ ಅವರು ತೇರಿಗೆ ಮೊದಲೇ ಎದ್ದು ಬರುವರು, ಇಲ್ಲವೆ ಮನೆಯಲ್ಲಿಯೇ ಉಳಿಯುವರು.

ಜಾತ್ರೆಗೆ ಹೋಗುವ ವಾಚಕರಿಗೆ ಎರಡು ಮಾತು. ಇಳಿದೊಡನೆ, ಮರಳುವ ಬಸ್ಸು ಎಲ್ಲಿ ನಿಲ್ಲುವುದೆಂದು ಕಂಡಕ್ಟರನನ್ನು ಕೇಳಿ ಜಾಗವನ್ನು ಕಣ್ಣಾರೆ ನೋಡಿಕೊಳ್ಳಿರಿ. ಇಳಿಸುವ ಸ್ಥಳವೂ ಹತ್ತಿಸುವ ಸ್ಥಳವೂ ಒಂದೇ ಆಗಿರಬೇಕೆಂದಿಲ್ಲ. ಮಕ್ಕಳ ಅಂಗಿಯ ಜೇಬಿನಲ್ಲಿ ಊರಿನ ಹೆಸರನ್ನೂ ಫೋನಿನ ಅಂಕೆಯನ್ನೂ ಬರೆದಿಡಿರಿ. ನೀರನ್ನು ಮರೆಯಬೇಡಿರಿ, ಫಾಲ್ಗುಣದ ಬಿಸಿಲು ಈ ಸೀಮೆಯಲ್ಲಿ ಚೈತ್ರದ ವರೆಗೆ ಕಾಯುವುದಿಲ್ಲ.

ಇನ್ನೊಂದು ಸಂಗತಿ. ಜಾತ್ರೆಯ ಬಸ್ಸುಗಳೇನೂ ಆಕಾಶದಿಂದ ಇಳಿದವಲ್ಲ. ಡಿಪೋದವರು ನಿತ್ಯದ ಮಾರ್ಗಗಳಿಂದ ಅವನ್ನು ಬಿಡಿಸಿ ತರಬೇಕಾಗುತ್ತದೆ. ಇಲ್ಲಿ ಒಂದು ಬಸ್ಸು ಹೆಚ್ಚಾದರೆ ಎಲ್ಲಿಯೋ ಒಂದು ಹಳ್ಳಿಯ ಕಟ್ಟೆಯ ಮೇಲೆ ಶಾಲೆಯ ಹುಡುಗರೂ ಆಸ್ಪತ್ರೆಗೆ ಹೊರಟವರೂ ದಾರಿ ನೋಡುತ್ತ ಕುಳಿತಿರುವರು. ತೇರಿನ ರಾತ್ರಿ ಕೊನೆಯ ಯಾತ್ರಿಕನನ್ನು ಇಳಿಸಿದ ಮೇಲೆ ಚಾಲಕರು ಅರೆನಿದ್ದೆ ಮಾಡಿ ಏಳುತ್ತಾರೆ. ಬೆಂಡು ಬತ್ತಾಸಿನ ಪುಡಿಯನ್ನೂ ಭಂಡಾರವನ್ನೂ ಗುಡಿಸಿ, ಮುಂದಿನ ಹಲಗೆಯನ್ನು ಬದಲಿಸಿ, ಅವೇ ಬಸ್ಸುಗಳು ಆ ಹಳ್ಳಿಗಳಿಗೆ ಹೊರಡುತ್ತವೆ.