ಆಷಾಢದ ಗಾಳಿಯೂ ಪೆಟ್ರೋಲಿನ ಲೆಕ್ಕವೂ

ಹಾಸನ ನಗರಕ್ಕೆ ಸಮೀಪದಲ್ಲಿರುವ ಬೂವನಹಳ್ಳಿಯ ಹೆಸರನ್ನು ವಾಚಕರಲ್ಲಿ ಕೆಲವರು ವೃತ್ತಪತ್ರಿಕೆಗಳಲ್ಲಿ ಓದಿರಬಹುದು. ಅಲ್ಲಿ ವಿಮಾನ ನಿಲ್ದಾಣವಾಗತಕ್ಕದ್ದೆಂದು ಬಹುಕಾಲದಿಂದ ಮಾತು ನಡೆದುಬಂದಿದೆ. ಆದರೆ ನಾನು ಕಳೆದ ಆಷಾಢದಲ್ಲಿ ಆ ಊರಿಗೆ ಹೋದದ್ದು ವಿಮಾನವನ್ನು ನೋಡುವ ಆಸೆಯಿಂದಲ್ಲ. ನನ್ನ ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೆ. ಅವಳಿಂದ ಫೋನು ಬಂದಿತ್ತು. ತಂದೆಗೂ ಮಗನಿಗೂ ಹದಿನೈದು ದಿನಗಳಿಂದ ಮಾತಿಲ್ಲ, ಒಬ್ಬರು ಜಗಲಿಯಲ್ಲಿ ಉಂಡರೆ ಇನ್ನೊಬ್ಬರು ಅಡಿಗೆಯ ಮನೆಯಲ್ಲಿ ಉಣ್ಣುತ್ತಾರೆ, ನೀನು ಬಂದು ಏನಾದರೂ ಮಾಡಬೇಕು ಎಂಬುದೇ ಅದರ ಸಾರಾಂಶ.

ಜಗಳಕ್ಕೆ ಕಾರಣವಾದದ್ದು ಪೆಟ್ರೋಲು. ಅಳಿಯನು ಚನ್ನರಾಯಪಟ್ಟಣದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾನೆ. ಹೋಗುವುದಕ್ಕೆ ಮೂವತ್ತು ಕಿಲೋಮೀಟರಿಗೆ ಮೇಲಾಗಿ, ಬರುವುದಕ್ಕೆ ಅಷ್ಟೇ; ಎರಡೂ ಹೊತ್ತು ಮೋಟಾರು ಸೈಕಲ್ಲಿನ ಮೇಲೆಯೇ ಪ್ರಯಾಣ. ಬರುವ ಸಂಬಳದಲ್ಲಿ ಪೆಟ್ರೋಲಿನ ಖರ್ಚು ಕಳೆದು ಉಳಿದದ್ದನ್ನು ತಾಯಿಯ ಕೈಗೆ ಕೊಡುವನು. ಆ ಹಣದಿಂದ ತಂಗಿಯ ಮದುವೆಗೆಂದು ಚೀಟಿ ಕಟ್ಟುತ್ತಿದ್ದರು. ಚೈತ್ರದವರೆಗೆ ಸರಿಯಾಗಿ ಬರುತ್ತಿದ್ದ ಹಣವು ಜ್ಯೇಷ್ಠದ ಕೊನೆಯಿಂದ ಕಡಮೆಯಾಗುತ್ತ ಬಂದಿತು. ಎಂಟು ದಿನಕ್ಕೆ ಸಾಕಾಗುತ್ತಿದ್ದ ಟ್ಯಾಂಕು ಏಳು ದಿನಕ್ಕೆ ಬರಿದಾಗುತ್ತಿತ್ತು. ಭಾವನವರು ಮಿತಭಾಷಿಗಳು, ಆದರೆ ಆಡಿದ ಒಂದು ಮಾತು ನಾಟುವಂತೆ ಆಡುವವರು. ‘ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗ್ತೀಯೋ ಹೇಳಿಬಿಡು, ಪೆಟ್ರೋಲಿನ ಮೇಲೆ ಯಾಕೆ ಹಾಕ್ತೀಯ?’ ಎಂದಿದ್ದರಂತೆ. ಹುಡುಗನು ಅಂದಿನಿಂದ ತಂದೆಯ ಮುಖ ನೋಡಿರಲಿಲ್ಲ. ವಾಹನವನ್ನು ಮಾರಿ, ಇವನನ್ನು ಮನೆಯಲ್ಲೇ ಆಲೂಗೆಡ್ಡೆಯ ಬೇಸಾಯಕ್ಕೆ ಹಾಕುವುದೆಂದು ಭಾವನವರು ನಿಶ್ಚಯಿಸಿದ್ದರು.

ನಾನು ಹೋದ ರಾತ್ರಿ ಅಳಿಯನು ಒಂದು ಪುಸ್ತಕವನ್ನು ತಂದು ನನ್ನ ಮುಂದಿಟ್ಟನು. ಕೆಲಸಕ್ಕೆ ಸೇರಿದ ದೀಪಾವಳಿಯಿಂದ ಮೊದಲ್ಗೊಂಡು, ಟ್ಯಾಂಕು ತುಂಬಿಸಿದ ದಿನ, ಮೀಟರಿನ ಅಂಕಿ, ಲೀಟರು ಎಷ್ಟು ಎಂಬುದನ್ನೆಲ್ಲ ಬರೆದಿದ್ದನು. ಲೆಕ್ಕ ಬರೆಯುವವನ ಕೈ. ಒಂದು ಕಡೆಯೂ ತಿದ್ದಿರಲಿಲ್ಲ. ಚೈತ್ರದವರೆಗೆ ಲೀಟರಿಗೆ ಅರವತ್ತು ಕಿಲೋಮೀಟರಿನ ಆಸುಪಾಸು, ಆಷಾಢದಲ್ಲಿ ಐವತ್ತೆರಡು. ‘ಬಂಕಿನವರು ಕಮ್ಮಿ ಹಾಕ್ತಾರೋ ಏನೋ ಮಾವ, ನನಗಂತೂ ಗೊತ್ತಾಗ್ತಿಲ್ಲ’ ಎಂದನು.

ಪುಸ್ತಕವನ್ನು ಕಂಡೊಡನೆ ನನಗೆ ಒಂದು ಸಂಗತಿ ಮನದಟ್ಟಾಯಿತು. ಹುಡುಗನು ಅಲ್ಲಿ ಇಲ್ಲಿ ಅಲೆದಿದ್ದರೆ ಪೆಟ್ರೋಲಿನ ಜೊತೆಯಲ್ಲಿ ಮೀಟರಿನ ಅಂಕಿಯೂ ಏರಬೇಕಷ್ಟೆ. ದಿನಕ್ಕೆ ಓಡಿದ ದೂರ ಚೈತ್ರದಲ್ಲಿ ಎಷ್ಟಿತ್ತೋ ಆಷಾಢದಲ್ಲಿಯೂ ಅಷ್ಟೇ ಇದ್ದಿತು. ಹೆಚ್ಚಿದ್ದುದು ಲೀಟರು ಮಾತ್ರ. ಆದಕಾರಣ ಭಾವನವರ ಅನುಮಾನವು ಅಲ್ಲಿಯೇ ಬಿದ್ದುಹೋಯಿತು. ಇನ್ನು ಬಂಕಿನ ಮಾತು. ಹುಡುಗನು ಜ್ಯೇಷ್ಠದಿಂದೀಚೆಗೆ ಮೂರು ಬೇರೆ ಬೇರೆ ಬಂಕುಗಳಲ್ಲಿ ಹಾಕಿಸಿ ನೋಡಿದ್ದನು. ಮೂರರಲ್ಲಿಯೂ ಫಲ ಒಂದೇ. ಮೂವರೂ ಕೂಡಿಕೊಂಡು, ಅದೂ ಮಳೆಗಾಲ ನೋಡಿ, ಈ ಬಡ ಗುಮಾಸ್ತನನ್ನು ಮೋಸಗೊಳಿಸಿದರೆಂದು ನಂಬುವುದು ಕಷ್ಟ.

ಮರುದಿನ ನಾನೂ ಅವನ ಹಿಂದೆ ಕುಳಿತು ಹೊರಟೆನು. ಹಾಸನವು ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿಗಳಷ್ಟು ಎತ್ತರದ ಬಯಲು. ಪಡುವಲಲ್ಲಿ ಸಕಲೇಶಪುರದಾಚೆ ಘಟ್ಟವು ಕಡಿದು ಬಿದ್ದಿದೆ. ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ಬಂದು, ಘಟ್ಟದಲ್ಲಿ ಮಳೆಯನ್ನು ಸುರಿದು, ಹಗುರಾಗಿ ಈ ಬಯಲಿನ ಮೇಲೆ ಓಡುತ್ತದೆ. ಆಷಾಢದಲ್ಲಿ ಇಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಹೆದ್ದಾರಿಯೋ ನೇರವಾಗಿ ಮೂಡಲಿಗೆ ಹೋಗುವುದು. ಹೀಗಾಗಿ ಬೆಳಗಿನ ಪ್ರಯಾಣದಲ್ಲಿ ಗಾಳಿ ನಮ್ಮ ಬೆನ್ನಿಗಿದ್ದಿತು. ಐವತ್ತು ಕಿಲೋಮೀಟರಿನ ವೇಗದಲ್ಲಿದ್ದರೂ ಹೆಗಲ ಮೇಲಿನ ಶಲ್ಯ ಹೆಚ್ಚು ಅಲುಗಲಿಲ್ಲ, ಕಿವಿಯಲ್ಲಿ ಸದ್ದಿಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರನ್ನು ಹೊತ್ತಿದೆಯೆಂದು ಪ್ರತೀತಿಯಿರುವ ಶಾಂತಿಗ್ರಾಮವನ್ನು ದಾಟುವಾಗ ಇಣಿಕಿ ನೋಡಿದರೆ ಮುಳ್ಳು ಅರವತ್ತೈದರಲ್ಲಿದೆ! ಗಾಳಿಯು ಕೊಟ್ಟ ಉಳಿತಾಯವನ್ನೆಲ್ಲ ಹುಡುಗನು ವೇಗಕ್ಕೆ ಖರ್ಚು ಮಾಡುತ್ತಿದ್ದನು, ಅದೂ ತನಗೆ ತಿಳಿಯದಂತೆ. ಸಂಬಳ ಹೆಚ್ಚಿದ ತಿಂಗಳು ನಾವು ಮಾಡುವುದೂ ಇದನ್ನೇ ತಾನೆ?

ಸಾಯಂಕಾಲದ ಕಥೆಯೇ ಬೇರೆ. ನಾನು ಪಟ್ಟಣದಲ್ಲಿ ಬಂಧುಗಳ ಮನೆಯಲ್ಲಿ ಹಗಲು ಕಳೆದು, ಐದೂವರೆ ಗಂಟೆಗೆ ಅವನನ್ನು ಕೂಡಿಕೊಂಡೆನು. ಊರನ್ನು ಬಿಟ್ಟು ತೆಂಗಿನ ತೋಟಗಳ ನಡುವೆ ಬರುತ್ತಲೂ ಗಾಳಿ ಎದೆಗೆ ಕೈಕೊಟ್ಟು ತಳ್ಳಿದಂತಾಯಿತು. ತೆಂಗಿನ ಗರಿಗಳೆಲ್ಲ ಮೂಡಲಿಗೆ ಬಾಚಿದಂತೆ ನಿಂತಿದ್ದವು. ಹುಡುಗನ ಮಳೆಯಂಗಿಯು ಗುಂಡಿ ಹಾಕದೆ ಪಟಪಟನೆ ಹೊಡೆದುಕೊಳ್ಳುತ್ತ ಹಾಯಿಯಂತೆ ಉಬ್ಬಿತು. ಎರಡು ಪಕ್ಕಗಳಿಗೂ ಚೀಲಗಳು. ಒಂದರಲ್ಲಿ ಬುತ್ತಿಯ ಡಬ್ಬಿ, ಮತ್ತೊಂದರಲ್ಲಿ ಅಕ್ಕ ತರಹೇಳಿದ್ದ ತೆಂಗಿನಕಾಯಿ. ನಾಲ್ಕನೆಯ ಗೇರಿನಲ್ಲಿ ಇಂಜಿನು ಏದುಸಿರುಬಿಟ್ಟು ಮೂರಕ್ಕೆ ಇಳಿಯಿತು. ಮನೆಗೆ ತಡವಾಗುವುದೆಂಬ ಭಯದಿಂದ ಅವನು ಹಿಡಿಯನ್ನು ಪೂರ್ತಿ ತಿರುಗಿಸಿ ಐವತ್ತನ್ನು ಕಾಯ್ದುಕೊಂಡನು. ಅವನಿಗೆ ತಡವೆಂದರೆ ತಂದೆಯ ಪ್ರಶ್ನೆ. ಅದನ್ನು ತಪ್ಪಿಸಲು ಸುಡುತ್ತಿದ್ದ ಪೆಟ್ರೋಲೇ ಮತ್ತೊಂದು ಪ್ರಶ್ನೆಯಾಗಿ ಕಾದಿರುತ್ತಿತ್ತು.

ರಾತ್ರಿ ಊಟವಾದ ಮೇಲೆ ಭಾವನವರ ಮುಂದೆ ವಿಷಯವನ್ನೆತ್ತಿದೆನು. ಗಾಳಿಯೇ ಪೆಟ್ರೋಲನ್ನು ಕುಡಿಯುತ್ತಿದೆ ಎಂದಾಗ ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು: ‘ಬರೋವಾಗ ಹಿಡಿದಿದ್ದನ್ನ ಹೋಗೋವಾಗ ತಳ್ಳಿ ತೀರಿಸುತ್ತಲ್ಲಯ್ಯ. ಅಲ್ಲಿಗಲ್ಲಿಗೆ ಸರಿಹೋಗಬೇಕಲ್ಲ?’

ಪ್ರಶ್ನೆ ಸಾಮಾನ್ಯವಾದುದಲ್ಲ. ಓದಿದವರೂ ಇಲ್ಲಿಯೇ ಎಡವುತ್ತಾರೆ. ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು ಅದರ ಬೆನ್ನಿನ ಮೇಲೆ ಬರೆದು ತೋರಿಸಿದೆನು. ವಾಚಕರೂ ಒಂದು ಸಲ ಬರೆದು ನೋಡಬಹುದು. ಗಾಳಿಯ ತಡೆಯು ವೇಗದಂತೆ ಹೆಚ್ಚುವುದಿಲ್ಲ, ವೇಗದ ವರ್ಗದಂತೆ ಹೆಚ್ಚುವುದು; ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಲೆಕ್ಕಕ್ಕೆ ಬರುವ ವೇಗವು ನೆಲದ ಮೇಲಿನದಲ್ಲ, ಸವಾರನ ಎದೆಗೆ ತಗಲುವ ಗಾಳಿಯದು. ಗಾಳಿಯಿಲ್ಲದ ದಿನ ಐವತ್ತರಲ್ಲಿ ಹೋದರೆ ಐವತ್ತರ ವರ್ಗ 2,500. ಇಪ್ಪತ್ತೈದರ ಗಾಳಿ ಬೆನ್ನಿಗಿದ್ದರೆ ಎದೆಗೆ ತಗಲುವುದು ಇಪ್ಪತ್ತೈದು ಮಾತ್ರ. ಅದರ ವರ್ಗ 625. ಅದೇ ಗಾಳಿ ಎದುರಾದರೆ ತಗಲುವುದು ಎಪ್ಪತ್ತೈದು. ಅದರ ವರ್ಗ 5,625. ಗಾಳಿಯಿಲ್ಲದೆ ಹೋಗಿಬಂದರೆ ಎರಡು ಹೊತ್ತಿಗೂ ಕೂಡಿ 5,000. ಗಾಳಿಯಲ್ಲಿ ಹೋಗಿಬಂದರೆ 6,250. ಅಂದರೆ ಹೋಗುವಾಗ ಉಳಿಸಿಕೊಟ್ಟದ್ದು 1,875, ಬರುವಾಗ ಕಿತ್ತುಕೊಂಡದ್ದು 3,125. ಗಾಳಿಯ ಬಾಬಿನಲ್ಲಿ ಕಾಲುಪಾಲು ಹೆಚ್ಚು ಖರ್ಚು ಕಟ್ಟಿಟ್ಟದ್ದು. ಪೆಟ್ರೋಲೆಲ್ಲವೂ ಗಾಳಿಗೇ ಹೋಗುವುದಿಲ್ಲ. ಚಕ್ರದ ಉರುಳಿಗೂ ಇಂಜಿನಿನ ಒಳಗಿನ ಉಜ್ಜಾಟಕ್ಕೂ ಪಾಲುಂಟು. ಆದ್ದರಿಂದ ಕಾಲುಪಾಲೆಂಬುದು ಒಟ್ಟಿನಲ್ಲಿ ಅದಕ್ಕಿಂತ ಕಡಮೆಯಾಗಿ ಕಾಣುವುದು. ಅದರ ಮೇಲೆ ಒದ್ದೆ ರಸ್ತೆ, ಉಬ್ಬಿದ ಅಂಗಿ, ಬೆಳಗಿನ ಅರವತ್ತೈದರ ಓಟ ಇವೆಲ್ಲ ಕೂಡಿದರೆ ಅರವತ್ತು ಹೋಗಿ ಐವತ್ತೆರಡಾಗುವುದರಲ್ಲಿ ಆಶ್ಚರ್ಯವೇನು?

ಭಾವನವರಿಗೆ ವರ್ಗದ ಗಣಿತ ಹಿಡಿಸಲಿಲ್ಲವೆಂದೇ ತೋರಿತು. ಅವರು ಕೆಲಕಾಲ ಸುಮ್ಮನಿದ್ದು, ‘ಕಣದಲ್ಲಿ ರಾಗಿ ತೂರೋವಾಗ, ಗಾಳಿ ಒಂಚೂರು ಜೋರಾದರೆ ಹೊಟ್ಟಿನ ಜೊತೆಗೆ ಕಾಳೂ ಹೋಗ್ತದೆ’ ಎಂದರು. ನಾನು ಕ್ಯಾಲೆಂಡರಿನ ಹಾಳೆಯಲ್ಲಿ ಹೇಳಲು ಹೆಣಗಿದ್ದನ್ನು ಅವರು ಮೊರದಲ್ಲಿ ಐವತ್ತು ವರ್ಷಗಳಿಂದ ಕಂಡಿದ್ದರು. ತಮ್ಮ ಪ್ರಾಯದಲ್ಲಿ ಅವರೂ ಮೋಟಾರು ಸೈಕಲ್ಲು ಓಡಿಸಿದವರೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ತಯಾರಿಕೆಯನ್ನಾರಂಭಿಸಿ 1996ರಲ್ಲಿ ಮುಚ್ಚಿತು; ಅಲ್ಲಿ ತಯಾರಾದ ಎಜ್ಡಿ ಇವರಲ್ಲಿತ್ತು. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕುವ ಎರಡು ಸ್ಟ್ರೋಕಿನ ಗಾಡಿ, ಬಲವಾದ ಇಂಜಿನು. ಅದು ಗಾಳಿಯನ್ನು ಲಕ್ಷಿಸುತ್ತಿರಲಿಲ್ಲ, ಪೆಟ್ರೋಲಿನ ಲೆಕ್ಕವನ್ನು ಇವರೂ ಇಡುತ್ತಿರಲಿಲ್ಲ.

ಮೂರನೆಯ ದಿನ ರಜೆ. ಅರಕಲಗೂಡಿನಲ್ಲಿ ಒಂದು ಕೆಲಸವಿದ್ದುದರಿಂದ ಗೊರೂರಿನ ಮೇಲೆ ತೆಂಕಲಿಗೆ ಹೊರಟೆವು. ‘ಈ ದಿಕ್ಕಿಗೆ ಗಾಳಿ ಹಿಂದೂ ಅಲ್ಲ ಮುಂದೂ ಅಲ್ಲ, ಇವತ್ತು ಉಳೀತದೆ ಮಾವ’ ಎಂದು ಅಳಿಯನು ಹಿಗ್ಗಿದನು. ನಾನೂ ಹಾಗೆಂದೇ ತಿಳಿದಿದ್ದೆನು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಹುಟ್ಟೂರಾದ ಆ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಜಲಾಶಯದ ಮೇಲಿಂದ ಬಂದ ಗಾಳಿಗೆ ತಡೆಯೇ ಇಲ್ಲ. ಬಲಗಡೆಯಿಂದ ಬೀಸುವ ಅಡ್ಡಗಾಳಿಗೆ ಗಾಡಿಯನ್ನು ಬಲಕ್ಕೆ ವಾಲಿಸಿಯೇ ನೇರ ನಡೆಸಬೇಕಾಯಿತು. ಅಡ್ಡಗಾಳಿಯೂ ಪೆಟ್ರೋಲನ್ನು ಬಿಡುವುದಿಲ್ಲ. ಐವತ್ತರ ಓಟಕ್ಕೆ ಪಕ್ಕದ ಇಪ್ಪತ್ತೈದು ಸೇರಿದರೆ, ಮೈಗೆ ತಗಲುವ ಗಾಳಿ ಓರೆಯಾಗಿ ಐವತ್ತಾರರ ಹತ್ತಿರ ಹೋಗುವುದು. ಹಿಂದಕ್ಕೆ ಎಳೆಯುವ ಭಾಗವೂ ನೂರಕ್ಕೆ ಹನ್ನೆರಡರಷ್ಟು ಹೆಚ್ಚುವುದು. ಪಕ್ಕಕ್ಕೆ ಕಟ್ಟಿದ ಚೀಲಗಳು ಬೇರೆ. ಹೋಗುವಾಗಲೂ ನಷ್ಟ, ಬರುವಾಗಲೂ ನಷ್ಟ. ಹೊಳೆನರಸೀಪುರದ ರಸ್ತೆಗೂ ಈ ಮಾತು ಬಹುಮಟ್ಟಿಗೆ ಸಲ್ಲುವುದು. ನದಿಯ ಕಡೆಗೆ ಇಳಿಜಾರಾದ್ದರಿಂದ ಹೋಗುವಾಗ ಸ್ವಲ್ಪ ಮರೆಸುತ್ತದೆ, ಅಷ್ಟೆ.

ವಿಮಾನದವರ ನಡೆ ಇದಕ್ಕೆ ತಿರುಗಾಮುರುಗಾ. ಏರುವಾಗಲೂ ಇಳಿಯುವಾಗಲೂ ಅವರು ಎದುರುಗಾಳಿಯನ್ನೇ ಬಯಸುತ್ತಾರೆ. ರೆಕ್ಕೆಗೆ ಬೇಕಾದ ಗಾಳಿಯ ವೇಗದಲ್ಲಿ ಒಂದು ಪಾಲು ಪುಕ್ಕಟೆಯಾಗಿ ದೊರೆಯುವುದಷ್ಟೆ. ಬೂವನಹಳ್ಳಿಯ ಬಯಲಿನಲ್ಲಿ ನಮ್ಮ ಹುಡುಗನು ಶಪಿಸುವ ಗಾಳಿಯೇ ಅವರಿಗೆ ಮುಂದೆ ನೆರವಾದೀತು.

ಹೊರಡುವ ಮುನ್ನ ಅಳಿಯನಿಗೆ ಮೂರು ನಾಲ್ಕು ಮಾತು ಹೇಳಿದೆನು. ಎದುರುಗಾಳಿಯಲ್ಲಿ ಐವತ್ತರ ಹಟ ಬೇಡ. ನಲವತ್ತಕ್ಕೆ ಇಳಿದರೆ ಎದೆಗೆ ತಗಲುವುದು ಅರವತ್ತೈದು, ತಡೆಯಲ್ಲಿ ಕಾಲುಪಾಲು ಕಡಮೆ, ತಡವಾಗುವುದು ಹತ್ತು ನಿಮಿಷ. ಮಳೆಯಂಗಿಯ ಗುಂಡಿ ಹಾಕಿ ಸೊಂಟಕ್ಕೆ ಬಿಗಿಯುವುದು. ಚೀಲವನ್ನು ಪಕ್ಕದಲ್ಲಿ ನೇತುಹಾಕದೆ ಬೆನ್ನ ಹಿಂದೆ ಕಟ್ಟುವುದು. ಚಕ್ರದ ಗಾಳಿಯನ್ನು ವಾರಕ್ಕೊಮ್ಮೆ ನೋಡಿಸುವುದು. ಅಂದು ನೋಡಿಸಿದಾಗ ಹಿಂದಿನ ಚಕ್ರ ಸಾಕಷ್ಟು ಇಳಿದಿತ್ತು. ಲಾರಿಯ ಬೆನ್ನಿಗಂಟಿಕೊಂಡು ಹೋದರೆ ಗಾಳಿ ತಗಲುವುದಿಲ್ಲವೆಂದು ಅವನ ಗೆಳೆಯನೊಬ್ಬನು ಹೇಳಿಕೊಟ್ಟಿದ್ದನಂತೆ. ಮಾತು ನಿಜ, ಆದರೆ ಲಾರಿಯವನು ಬ್ರೇಕು ಒತ್ತಿದ ದಿನ ಉಳಿಸಿದ ಪೆಟ್ರೋಲು ಯಾರ ಕೈಗೂ ಬಾರದು. ಅದನ್ನು ಮಾತ್ರ ಆಣೆಯಿಡಿಸಿ ಬಿಡಿಸಿದೆನು. ಇನ್ನೊಂದು ಸಂಗತಿ, ನೆಲ ಕಾದಂತೆಲ್ಲ ಗಾಳಿ ಏಳುವುದು, ರಾತ್ರಿ ನೆಲ ತಣ್ಣಗಾದಂತೆ ತಗ್ಗುವುದು. ಮಧ್ಯಾಹ್ನದಿಂದ ಸಂಜೆಯವರೆಗಿನ ಗಾಳಿಗೂ ದೀಪ ಹಚ್ಚಿದ ಮೇಲಿನ ಗಾಳಿಗೂ ಅಜಗಜಾಂತರ. ಐದೂವರೆಗೆ ಹೊರಡುವ ಬದಲು ಅಂಗಡಿಯಲ್ಲೇ ಇದ್ದು ಏಳಕ್ಕೆ ಹೊರಟರೆ ಸಾಕಷ್ಟು ಉಳಿಯುವುದು. ಆದರೆ ಏಳಕ್ಕೆ ಹೊರಟವನು ಮನೆ ಸೇರುವಾಗ ಎಂಟು. ಇದಕ್ಕೆ ತಂದೆಯ ಅಪ್ಪಣೆ ಬೇಕಾಗಿತ್ತು. ಕೇಳುವ ಧೈರ್ಯ ಹುಡುಗನಿಗಿರಲಿಲ್ಲ, ನಾನೂ ಕೇಳಲಿಲ್ಲ.

ಬೆಳಗ್ಗೆ ಬಸ್ಸಿಗೆ ಹೊರಟು ನಿಂತಿದ್ದೆನು. ಅಳಿಯನು ಗಾಡಿಯನ್ನು ಅಂಗಳಕ್ಕೆ ಇಳಿಸಿದನು. ಭಾವನವರು ಒಳಗಿನಿಂದ ಸಣಬಿನ ಹಗ್ಗವೊಂದನ್ನು ತಂದು, ಮಾತಿಲ್ಲದೆ, ಪಕ್ಕದ ಚೀಲವನ್ನು ಬಿಚ್ಚಿ ಹಿಂದಿನ ಸೀಟಿನ ಮೇಲೆ ಎರಡು ಸುತ್ತು ಹಾಕಿ ಬಿಗಿದರು. ಪಡುವಲ ಕಡೆಗೊಮ್ಮೆ ಮೋಡವನ್ನು ನೋಡಿದರು.

‘ಗಾಳಿ ಇಳಿದ ಮೇಲೆಯೇ ಹೊರಡು. ಎಂಟಾದರೂ ಆಗಲಿ, ಊಟಕ್ಕೆ ಕಾಯ್ತೀನಿ’ ಎಂದರು.