ಸಾಲವಿಲ್ಲದವನ ಅಂಕಪಟ್ಟಿ

ಯಾರ ಹತ್ತಿರವೂ ಒಂದು ಪೈಸೆ ಸಾಲ ಮಾಡದ ಹುಡುಗನಿಗೆ ನಮ್ಮೂರಲ್ಲಿ ಹೆಣ್ಣು ಕೊಡುತ್ತಾರೆ. ಅಮೆರಿಕದಲ್ಲಿ ಅವನಿಗೆ ಬಾಡಿಗೆ ಮನೆ ಕೊಡಲೂ ಹಿಂದೆಮುಂದೆ ನೋಡುತ್ತಾರೆ. 1998ರಲ್ಲಿ ನಾನು ಓಹಾಯೋದ ಕೊಲಂಬಸ್ಸಿಗೆ ಬಂದು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದಾಗ ಬ್ಯಾಂಕೊಂದು ಬಹಳ ನಯವಾದ ಕಾಗದ ಬರೆದು ನಿರಾಕರಿಸಿತ್ತು. ಕಾರಣ, ನನಗೆ ಸಾಲದ ಇತಿಹಾಸವೇ ಇಲ್ಲ! ಅಪ್ಪನ ಕೈಗೆ ಆ ಕಾಗದ ಸಿಕ್ಕಿದ್ದರೆ ಕಟ್ಟು ಹಾಕಿಸಿ ದೇವರ ಮನೆಯಲ್ಲಿಡುತ್ತಿದ್ದರು.

ಈಚೆಗೆ ಅದೇ ಊರಿಗೆ ಅಕ್ಕನ ಮಗ ಎಂ.ಎಸ್. ಓದಲು ಬಂದ. ಮನೆ ಹುಡುಕಿದರೆ ಮಾಲೀಕರು ಕ್ರೆಡಿಟ್ ಸ್ಕೋರ್ ಕೇಳಿದರು. ಇಲ್ಲದಿದ್ದರೆ ಜೊತೆಗೆ ಸಹಿ ಹಾಕುವವರನ್ನು ಕರೆತಾ ಎಂದರು. “ಮಾಮ, ನೀವೊಂದು ಸೈನ್ ಹಾಕಿಬಿಡಿ” ಅಂದ. ನನಗೇನೂ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಅಕ್ಕನಿಗೆ. ಅವಳ ಮಾವ ತಿಪಟೂರಿನ ಹತ್ತಿರದ ಎರಡು ಎಕರೆ ತೆಂಗಿನ ತೋಟ ಕಳೆದುಕೊಂಡದ್ದು ಸ್ವಂತ ಸಾಲದಿಂದಲ್ಲ, ಸ್ನೇಹಿತನಿಗೆ ನಿಂತ ಜಾಮೀನಿನಿಂದ. ಆ ಮನೆಯಲ್ಲಿ ಇಂದಿಗೂ ಆ ಪದವನ್ನು ಯಾರೂ ಜೋರಾಗಿ ಆಡುವುದಿಲ್ಲ. ವಿಷಯ ತಿಳಿಸಿದಾಗ ಅಕ್ಕ ಫೋನಿನಲ್ಲಿ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, “ಒಂದೇ ವರ್ಷ ಕಣೋ. ಮುಂದಿನ ಸಲ ನಿನ್ನ ಸಹಿ ಬೀಳಕೂಡದು” ಅಂದಳು.

ಹುಡುಗನಿಗೆ ಸಿಕ್ಕಿದ್ದು ಒಂದು ವರ್ಷ. ಯೂನಿವರ್ಸಿಟಿ ಲೈಬ್ರರಿಯ ಕೆಲಸದಿಂದ ಸೋಶಿಯಲ್ ಸೆಕ್ಯುರಿಟಿ ನಂಬರ್ ಬಂದಿತ್ತು. 300 ಡಾಲರ್ ಠೇವಣಿಯಿಟ್ಟು ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಂಡ. ನಮ್ಮದೇ ದುಡ್ಡನ್ನು ಅವರ ಬಳಿಯಿಟ್ಟು, ಅಷ್ಟೇ ಮೊತ್ತದ ಸಾಲಕ್ಕೆ ಅರ್ಹರಾಗುವುದು! ಅಕ್ಕನಿಗೆ ಇದನ್ನು ವಿವರಿಸಲು ನನಗೆ ಎರಡು ಭಾನುವಾರ ಹಿಡಿಯಿತು.

ಕೊನೆಗೆ ನೆರವಿಗೆ ಬಂದದ್ದು ಶೆಟ್ಟರ ಅಂಗಡಿಯ ಉದ್ರಿ ಪುಸ್ತಕ. ಅಪ್ಪ ತಿಂಗಳಿಡೀ ಅಲ್ಲಿ ಬರೆಸಿ ಸಂಬಳದ ದಿನ ತೀರಿಸುತ್ತಿದ್ದರು. (ಅದನ್ನು ಸಾಲವೆಂದು ಅವರು ಎಂದೂ ಒಪ್ಪಿದವರಲ್ಲ.) ಶೆಟ್ಟರಿಗೆ ಅಪ್ಪನ ಮೇಲೆ ನಂಬಿಕೆ ಹುಟ್ಟಿದ್ದು ಆ ಪುಸ್ತಕದಿಂದಲೇ. ಇಲ್ಲಿ ಅಂಥ ಪುಸ್ತಕವನ್ನು ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಕಂಪನಿಗಳು ಇಡುತ್ತವೆ, ಕಾನೂನು ಒಪ್ಪುವ ಕಾರಣವಿದ್ದವರು ದೇಶದ ಎಲ್ಲಿಂದಲಾದರೂ ತೆರೆದು ನೋಡಬಹುದಾದಂತೆ. ಅದರಿಂದ ಬರುವ ಫೈಕೋ ಸ್ಕೋರ್ 300ರಿಂದ 850ರವರೆಗೆ. ಅದರಲ್ಲಿ ಶೇಕಡಾ 35ರಷ್ಟು ತೂಕ, ಹೇಳಿದ ದಿನಕ್ಕೆ ಕಟ್ಟಿದೆಯಾ ಎಂಬ ಒಂದೇ ಪ್ರಶ್ನೆಗೆ. ಇನ್ನೊಂದು 30, ಎಷ್ಟು ಬಾಕಿ ಇದೆ ಎನ್ನುವುದಕ್ಕೆ. ಮೂವತ್ತು ದಿನ ದಾಟಿಸಿದರೆ ಆ ಕಲೆ ಏಳು ವರ್ಷ ಹೋಗುವುದಿಲ್ಲ. ಶೆಟ್ಟರು ಇಷ್ಟು ಕಠಿಣರಲ್ಲ, ಹಬ್ಬ ಬಂದರೆ ಮರೆಯುತ್ತಿದ್ದರು.

ಹುಡುಗ ಕಾರ್ಡಿನಲ್ಲಿ ಕೊಂಡದ್ದು ಹಾಲು, ಮೊಸರು ಮತ್ತು ತಿಂಗಳ ಫೋನ್ ಬಿಲ್ಲು ಮಾತ್ರ. ಬಿಲ್ಲು ಬಂದೊಡನೆ ಪೂರ್ತಿ ಕಟ್ಟುತ್ತಿದ್ದ, ಬಡ್ಡಿಯ ಮಾತೇ ಇಲ್ಲ. ಆರು ತಿಂಗಳಾಗುವವರೆಗೆ ಸ್ಕೋರೇ ಹುಟ್ಟುವುದಿಲ್ಲ. ಆ ಆರು ತಿಂಗಳು ಅಕ್ಕ ಪ್ರತಿ ವಾರ “ಪಾಸಾದನಾ?” ಎಂದು ಕೇಳಿದಳು.

ಎರಡನೇ ವರ್ಷದ ಮನೆಯ ಕರಾರಿಗೆ ಒಂದೇ ಸಹಿ ಬಿತ್ತು, ಅವನದು. ಸ್ಕೋರ್ 716 ಎಂದು ಅಕ್ಕನಿಗೆ ತಿಳಿಸಿದೆ.

“ಅಂದರೆ ಎಷ್ಟು ಸಾಲ ಇದೆ ಅವನಿಗೆ?”

“ಏನೂ ಇಲ್ಲ ಅಕ್ಕ.”

“ಮತ್ತೆ ನೂರಾ ಮೂವತ್ತನಾಲ್ಕು ಅಂಕ ಯಾಕೆ ಹಿಡಿದಿಟ್ಕೊಂಡಿದ್ದಾರೆ?” ಅಂದಳು.