ಖಾತೆಯೂ ಕಿರ್ದಿಯೂ

ಬರೆದುದು ಉಳಿಯುತ್ತದೆಂಬ ನಂಬಿಕೆಯ ಮೇಲೆಯೇ ಲೋಕದ ಕೊಡುಕೊಳ್ಳುವಿಕೆ ನಡೆಯುತ್ತಿರುವುದಷ್ಟೆ. ಓಲೆಗರಿಗೆ ಗೆದ್ದಲಿನ ಭಯ, ಕಾಗದಕ್ಕೆ ನೀರಿನ ಭಯ. ಮೊಬೈಲಿನ ಬರಹಕ್ಕೆ ಇವೆರಡೂ ಇಲ್ಲವೆಂದು ಹರ್ಷಪಡುವವರು ಅನೇಕರು. ಆದರೆ ಅದಕ್ಕೆ ಬೇರೊಂದು ಭಯವುಂಟು. ಓಲೆ ಹರಿದರೆ ಹರಿದ ಗುರುತಾದರೂ ಕಾಣುವುದು. ಇಲ್ಲಿ ಅದೂ ಕಾಣದು.

ಮಲೆನಾಡಿನ ತಾಲ್ಲೂಕು ಪಟ್ಟಣವೊಂದರಲ್ಲಿ ದಿನಸಿ ಅಂಗಡಿ ಇಟ್ಟಿರುವ ವೃದ್ಧ ವರ್ತಕರೊಬ್ಬರು 2022ರಲ್ಲಿ ತಮ್ಮ ಕಡದ ಲೆಕ್ಕವನ್ನೆಲ್ಲ ಪುಸ್ತಕದಿಂದ ಮೊಬೈಲಿಗೆ ಏರಿಸಿದರು. ಅದಕ್ಕೆ ಬೇಕಾದ ಆ್ಯಪನ್ನು ಮಾಡಿಕೊಟ್ಟವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಸೋದರಳಿಯ. ಎರಡು ವರ್ಷ ಒಂದು ಕಾಸಿನ ವ್ಯತ್ಯಾಸವೂ ಬರಲಿಲ್ಲ. ಆಮೇಲೆ ಫೋನು ಹಳತಾಯಿತೆಂದು ಹೊಸತೊಂದನ್ನು ಕೊಂಡು, ಒಂದು ಭಾನುವಾರ ಅಳಿಯನು ಹೇಳಿದ ಗುಂಡಿಯನ್ನು ಒತ್ತಿ, ಲೆಕ್ಕದ ಪ್ರತಿಯನ್ನು ತೆಗೆದು ಹೊಸ ಫೋನಿಗೆ ಹಾಕಿಕೊಂಡರು. ಎಲ್ಲರ ಹೆಸರೂ ಬಂದಿತು, ಬಾಕಿಯೂ ಬಂದಿತು.

ಮಂಗಳವಾರ ಹೂ ಮಾರುವ ಮುದುಕಿಯೊಬ್ಬಳು ಹುಣಿಸೆಹಣ್ಣು ಕೊಳ್ಳಲು ಬಂದಳು. ಅಂಗಡಿಯ ಹುಡುಗನು ಫೋನು ನೋಡಿ, 1,850 ರೂಪಾಯಿ ಬಾಕಿ ಇದೆಯೆಂದನು. "ಶನಿವಾರ ಸಂತೆಯ ದಿನ ಕೊಟ್ಟೆನಲ್ಲ ಸ್ವಾಮೀ, ನಿಮ್ಮ ಕೈಗೇ ಕೊಟ್ಟೆ" ಎಂದು ಅವಳು ವರ್ತಕರ ಮುಖವನ್ನು ನೋಡಿದಳು. ಸಂತೆಯ ದಿನದ ನೂಕುನುಗ್ಗಲಿನಲ್ಲಿ ಯಾರು ಕೊಟ್ಟರು ಯಾರು ಬಿಟ್ಟರು ಎಂಬುದು ಅವರಿಗೆ ನೆನಪಿರಲಿಲ್ಲ. ಅವರೂ ಫೋನನ್ನೇ ನೋಡಿದರು. "ವಿಚಾರಿಸೋಣ, ಅಮ್ಮಾ" ಎಂದರು. ಅವಳು ಹುಣಿಸೆಹಣ್ಣಿನ ಪೊಟ್ಟಣವನ್ನು ಹಲಗೆಯ ಮೇಲೆಯೇ ಇಟ್ಟು ಹೊರಟುಹೋದಳು.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದಕ್ಕೊಂದು ವಿಧಿಯುಂಟು: ಸಾಲಗಾರನು ಕೊಟ್ಟ ಹಣವನ್ನು ಕೊಟ್ಟಾಗಲೆಲ್ಲ ಸಾಲಪತ್ರದ ಬೆನ್ನಿನ ಮೇಲೆ ಬರೆಯತಕ್ಕದ್ದು, ಇಲ್ಲವೆ ಧನಿಕನು ತನ್ನ ಕೈಬರಹದಲ್ಲಿ ಸಂದಾಯದ ಗುರುತು ಕೊಡತಕ್ಕದ್ದು. ಮೊಬೈಲು ಬಂದ ಮೇಲೆ ಇಂಥ ಚೀಟಿ ಏಕೆಂದು ಎಲ್ಲರಿಗೂ ಅನ್ನಿಸಿತ್ತು. ಮುದುಕಿಯ ಕೈಯಲ್ಲಿ ಏನೂ ಇರಲಿಲ್ಲ.

ವರ್ತಕರು ಅಂದೇ ಅಳಿಯನಿಗೆ ಫೋನು ಮಾಡಿದರು. ಅವನು, "ಆ್ಯಪು ತಪ್ಪುವಂತಿಲ್ಲ ಮಾವ, ಆಕೆಯೇ ಮರೆತಿರಬೇಕು" ಎಂದುಬಿಟ್ಟನು. ಓದಿದವರ ಬಾಯಿಂದ ಈ ಮಾತು ಎಷ್ಟು ಬೇಗ ಬರುತ್ತದೆಂಬುದು ಆಶ್ಚರ್ಯ. ಗುರುವಾರ ಹೋಟೆಲಿನವನೊಬ್ಬನು ಶನಿವಾರ ಕೊಂಡೊಯ್ದ ಅಕ್ಕಿಯ ಹಣವನ್ನು ತಾನಾಗಿ ತಂದನು. ಫೋನಿನಲ್ಲಿ ಅವನ ಕಡವೇ ಇಲ್ಲ! ಸಂದೇಹವು ಮುದುಕಿಯನ್ನು ಬಿಟ್ಟು ಯಂತ್ರದ ಕಡೆಗೆ ತಿರುಗಿದ್ದು ಆಗ. ಮರುದಿನದ ರಾತ್ರಿ ಬಸ್ಸಿಗೆ ಅಳಿಯನು ಹೊರಟುಬಂದನು.

ಹಳೆಯ ಫೋನನ್ನು ಅಂಗಡಿಯ ಹುಡುಗನಿಗೆ ಕೊಟ್ಟಾಗಿತ್ತು. ಅದರಲ್ಲಿದ್ದುದನ್ನೆಲ್ಲ ಅಳಿಸಿ ಇಟ್ಟುಕೊಳ್ಳೆಂದು ವರ್ತಕರೇ ಹೇಳಿದ್ದರು. ಸುದೈವದಿಂದ ಚಾರ್ಜರು ಸಿಕ್ಕದೆ ಅವನು ಅದನ್ನು ಮುಟ್ಟಿರಲಿಲ್ಲ. ತೆರೆದು ನೋಡಿದರೆ, ಶನಿವಾರ ಮಧ್ಯಾಹ್ನದಿಂದೀಚಿನ 23 ಬರಹಗಳೂ ಅಲ್ಲಿದ್ದವು. ಮುದುಕಿಯ 1,850 ರೂಪಾಯಿ ಜಮಾ ಕೂಡ ಇದ್ದಿತು.

ಹಾಗಾದರೆ ಪ್ರತಿಯಲ್ಲಿ ಏಕಿಲ್ಲ? ಬರಹವು ನೆನಪಿನ ಭಾಗದಲ್ಲಿಯೇ ಉಳಿದು ಶಾಶ್ವತ ಸಂಗ್ರಹಕ್ಕೆ ಇಳಿಯಲಿಲ್ಲವೋ ಎಂದು ಹುಡುಗನು ಮೊದಲು ಶಂಕಿಸಿದನು. ಜಾಗ ಸಾಲದಾದಾಗ ಫೋನು ಹಿಂದೆ ಸರಿದ ಆ್ಯಪನ್ನು ಹೇಳದೆ ಕೇಳದೆ ಕೊಂದುಹಾಕುವುದುಂಟು. ನೆನಪಿನಲ್ಲಿ ಮಾತ್ರ ಇದ್ದುದು ಆಗ ಹೋಗುತ್ತದೆ. ಆದರೆ ಹಾಗೆ ಹೋಗಿದ್ದರೆ ಹಳೆಯ ಫೋನಿನಲ್ಲಿಯೂ ಇರಬಾರದು. ಡೇಟಾಬೇಸಿನ ಕೋಷ್ಟಕಗಳ ರೂಪ ಬದಲಾಗಿ, ಹಳತನ್ನು ಹೊಸತಕ್ಕೆ ಹೊಂದಿಸುವ ಕ್ರಮ ತಪ್ಪಿತೋ? ಹಾಗಾದರೆ ಎಲ್ಲವೂ ಹೋಗಬೇಕು, ಕೊನೆಯ ಒಂದು ದಿನದ್ದಷ್ಟೇ ಅಲ್ಲ. ಹೀಗೆ ಒಂದೊಂದು ಪಕ್ಷವನ್ನೂ ಎತ್ತಿ ಖಂಡಿಸುತ್ತ ರಾತ್ರಿ ಹನ್ನೊಂದಾಯಿತು.

ವರ್ತಕರು ಎಲೆಯಡಿಕೆ ಹಾಕಿಕೊಳ್ಳುತ್ತ ಪಕ್ಕದಲ್ಲಿ ಕುಳಿತಿದ್ದರು. ತಮ್ಮ ತಂದೆ ಅಂಗಡಿಯನ್ನು ಹಳೆಯ ಪೇಟೆಯಿಂದ ಇಲ್ಲಿಗೆ ಸಾಗಿಸಿದ ಕಥೆ ಅವರ ಬಾಯಿಗೆ ಬಂದಿತು. "ಖಾತೆಪುಸ್ತಕವನ್ನು ಗಾಡಿಯಲ್ಲಿ ಹಾಕಿದ್ದರಂತೆ. ಕಿರ್ದಿಯನ್ನು ಮಾತ್ರ ಕಂಕುಳಲ್ಲೇ ಇಟ್ಟುಕೊಂಡು ಬಂದರಂತೆ. ಖಾತೆಗೆ ಏರದ ಎರಡು ದಿನದ ಬರಹ ಅದರಲ್ಲಿತ್ತಲ್ಲ!"

ಹುಡುಗನ ಕೈ ನಿಂತಿತು.

ವರ್ತಕರ ಪದ್ಧತಿಯನ್ನು ಅರಿಯದವರಿಗಾಗಿ ಒಂದು ಮಾತು. ವ್ಯವಹಾರ ನಡೆದ ಹಾಗೆಲ್ಲ ಅದನ್ನು ಸಾಲಾಗಿ ಬರೆಯುವ ಪುಸ್ತಕ ಕಿರ್ದಿ. ಬಿಡುವಾದಾಗ ಅದರಿಂದ ಆಯಾ ಗಿರಾಕಿಯ ಹೆಸರಿಗೆ ಎತ್ತಿ ಬರೆಯುವುದು ಖಾತೆಗೆ. ಮೊಬೈಲಿನೊಳಗೂ ಇದೇ ನಡೆಯುತ್ತದೆಂಬುದು ಕೌತುಕದ ಸಂಗತಿ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಐಫೋನುಗಳಲ್ಲಿಯೂ ಲೆಕ್ಕ ಕಾಯುವ ಡೇಟಾಬೇಸು ಎಸ್‌ಕ್ಯೂಲೈಟ್ ಎಂಬುದು. ಅಮೆರಿಕದ ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಇದನ್ನು ರಚಿಸಿದರು. ಇದಕ್ಕೆ 2010ರಲ್ಲಿ ಹೊಸದೊಂದು ಕ್ರಮ ಸೇರಿತು. ಅದರಂತೆ ಹೊಸ ಬರಹವು ನೇರವಾಗಿ ಮುಖ್ಯ ಕಡತಕ್ಕೆ ಹೋಗದೆ, ಪಕ್ಕದಲ್ಲಿರುವ ಇನ್ನೊಂದು ಕಡತದ ಕೊನೆಗೆ ಸೇರುತ್ತದೆ. ಮುಖ್ಯ ಕಡತದ ಹೆಸರಿಗೇ 'ವಾಲ್' ಎಂಬ ಬಾಲ ಹಚ್ಚಿದರೆ ಅದರ ಹೆಸರು. ಅದು ಗೊತ್ತಾದ ಪ್ರಮಾಣಕ್ಕೆ ಬೆಳೆದಾಗ, ಇಲ್ಲವೆ ಡೇಟಾಬೇಸನ್ನು ಕ್ರಮವಾಗಿ ಮುಚ್ಚಿದಾಗ, ಅಲ್ಲಿದ್ದುದು ಮುಖ್ಯ ಕಡತಕ್ಕೆ ಏರುತ್ತದೆ. ಓದುವಾಗ ಎರಡನ್ನೂ ಕೂಡಿಸಿ ಓದುವುದರಿಂದ ನೋಡುವವನಿಗೆ ಭೇದ ತಿಳಿಯದು. ಮೊಬೈಲಿನ ಆ್ಯಪುಗಳನ್ನಾದರೋ ಕ್ರಮವಾಗಿ ಮುಚ್ಚುವವರು ಕಡಿಮೆ.

ಹುಡುಗನು ಹಳೆಯ ಫೋನನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದನು. ಮುಖ್ಯ ಕಡತದ ಪಕ್ಕದಲ್ಲಿ ಬಾಲದ ಕಡತವು ತುಂಬಿಕೊಂಡು ಕುಳಿತಿತ್ತು. ಅವನ ಗುಂಡಿಯು ಪ್ರತಿ ತೆಗೆದದ್ದು ಮುಖ್ಯ ಕಡತವನ್ನು ಮಾತ್ರ. ಖಾತೆ ಬಂದಿತು, ಕಿರ್ದಿ ಅಲ್ಲಿಯೇ ಉಳಿಯಿತು. "ಇದು ನನಗೆ ಗೊತ್ತಿದ್ದ ವಿಷಯವೇ ಮಾವ" ಎಂದನು. ಗೊತ್ತಿದ್ದುದು ಬೇಕಾದಾಗ ಒದಗದಿರುವುದು ಪಾಠಶಾಲೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ.

ತಿದ್ದುವ ಕೆಲಸವು ಬೆಳಗಿನೊಳಗೆ ಮುಗಿಯಿತು. ಪ್ರತಿ ತೆಗೆಯುವ ಮೊದಲು ಬಾಲದ ಕಡತವನ್ನೆಲ್ಲ ಮುಖ್ಯಕ್ಕೆ ಏರಿಸಿ, ಡೇಟಾಬೇಸನ್ನು ಮುಚ್ಚಿ, ಆಮೇಲೆ ನಕಲು ಮಾಡುವಂತೆ ಗುಂಡಿಯನ್ನು ಬದಲಿಸಿದನು. ಹೊಸ ಫೋನು ಪ್ರತಿಯನ್ನು ತೆರೆದು ಬರಹಗಳ ಸಂಖ್ಯೆಯನ್ನೂ ಒಟ್ಟು ಮೊತ್ತವನ್ನೂ ಪಾಠ ಒಪ್ಪಿಸುವಂತೆ ಹಳತಕ್ಕೆ ಒಪ್ಪಿಸಬೇಕು. ತಾಳೆಯಾಗದಿದ್ದರೆ ಪ್ರತಿಯನ್ನು ಸ್ವೀಕರಿಸಕೂಡದು, ಹಳೆಯ ಫೋನನ್ನು ಅಳಿಸಲೂ ಕೂಡದು. ಇದನ್ನು ಮೊದಲೇ ಇಟ್ಟಿದ್ದರೆ ಭಾನುವಾರವೇ ಬಯಲಾಗುತ್ತಿತ್ತು. ಹೊಸ ಫೋನಿನಲ್ಲಿ ಈ ವಾರ ಬರೆದುದನ್ನು ಕಳೆಯದೆ, ಆ 23 ಬರಹಗಳನ್ನು ಒಂದೊಂದಾಗಿ ಕೈಯಿಂದಲೇ ಸೇರಿಸಿದನು.

ಬೆಳಗ್ಗೆ ಮಾವ ಅಳಿಯಂದಿರಿಬ್ಬರೂ ಹುಣಿಸೆಹಣ್ಣಿನ ಪೊಟ್ಟಣವನ್ನು ಹಿಡಿದುಕೊಂಡು ಮುದುಕಿಯ ಮನೆಗೆ ಹೋದರು. ಅವಳು ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದಳು. "ತಪ್ಪಾಯಿತು ಅಮ್ಮಾ, ನಿನ್ನ ಹಣ ಜಮಾ ಆಗಿದೆ" ಎಂದು ವರ್ತಕರು ಹೇಳಿದರು. ಹುಡುಗನು ಫೋನನ್ನು ಅವಳ ಮುಂದೆ ಹಿಡಿದನು. ಅವಳು ಅದನ್ನು ನೋಡಲಿಲ್ಲ.

"ಕಾಗದದ ಮೇಲೆ ಬರೆದುಕೊಡಿ ಸ್ವಾಮೀ" ಎಂದಳು.

ವರ್ತಕರು ಜೇಬಿನಿಂದ ಪೆನ್ನು ತೆಗೆದು, ಪೊಟ್ಟಣದ ಮೇಲಿನ ಕಾಗದದಲ್ಲಿ ಒಂದು ತುಂಡನ್ನು ಹರಿದು, ತಾರೀಖು ಹಾಕಿ, 1,850 ರೂಪಾಯಿ ಸಂದಿದೆಯೆಂದು ಬರೆದು ರುಜು ಮಾಡಿದರು. ಅವಳಿಗೆ ಓದು ಬಾರದು. ನಾಲ್ಕಾಗಿ ಮಡಿಸಿ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡು, ಮತ್ತೆ ಹೂ ಕಟ್ಟತೊಡಗಿದಳು.